ಬಸ್ಸಿನ ಮೊದಲ ಮೆಟ್ಟಿಲು

ಸುರಪುರ ತಾಲ್ಲೂಕಿನ ತಿಂಥಣಿ ಕೃಷ್ಣೆಯ ತೀರದ ಊರು. ಮೌನೇಶ್ವರರ ಸನ್ನಿಧಿಯಿಂದ ಹೆಸರಾದ ಈ ಕ್ಷೇತ್ರಕ್ಕೆ ಹಿಂದೂಗಳೂ ಮುಸಲ್ಮಾನರೂ ಸಮಾನ ಭಕ್ತಿಯಿಂದ ನಡೆದುಕೊಳ್ಳುತ್ತಾರೆ. ನದಿಗೆ ಸೇತುವೆಯಿದೆ, ಹೆದ್ದಾರಿಯಿದೆ, ಬಸ್ಸುಗಳು ಓಡಾಡುತ್ತವೆ. ಊರಿಗೆ ಸಾರಿಗೆ ಸೌಕರ್ಯವಿದೆಯೆಂದು ದಾಖಲೆಯಲ್ಲಿ ಬರೆದರೆ ಅದನ್ನು ಸುಳ್ಳೆನ್ನಲಾಗದು. ಆದರೆ ಪೋಲಿಯೋದಿಂದ ಕಾಲಿನ ಬಲ ಕುಂದಿದವನಿಗೆ, ಮೊಣಕಾಲು ಸವೆದ ಅಜ್ಜಿಗೆ, ತುಂಬು ಬಸುರಿಗೆ ಆ ಸೌಕರ್ಯ ಉಂಟೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಬಾಗಿಲಿನ ಮೊದಲ ಮೆಟ್ಟಿಲಿನಲ್ಲಿ.

ನಮ್ಮ ಗ್ರಾಮಾಂತರ ಬಸ್ಸಿನ ಒಳನೆಲ ರಸ್ತೆಯಿಂದ ಸುಮಾರು ಒಂದು ಮೀಟರು ಎತ್ತರದಲ್ಲಿರುತ್ತದೆ. ಲಾರಿಗೂ ಬಸ್ಸಿಗೂ ಒಂದೇ ಬಗೆಯ ಅಡಿಗಟ್ಟನ್ನು ಬಳಸಿದ ಕಾಲದ ಬಳುವಳಿಯಿದು. ಹೊರೆ ಹೊರುವುದಕ್ಕೆಂದು ಹುಟ್ಟಿದ ಚೌಕಟ್ಟಿನ ಮೇಲೆ ಮನುಷ್ಯರನ್ನು ಕೂರಿಸಿದ್ದೇವೆ. ನಿಜಾಮರ ಸಂಸ್ಥಾನದಲ್ಲಿ ಸರ್ಕಾರಿ ಬಸ್ಸು 1932ರಲ್ಲಿಯೇ, 27 ವಾಹನಗಳೊಡನೆ ಆರಂಭವಾಯಿತು, ಮೈಸೂರಿನಲ್ಲಿ 1948ರಲ್ಲಿ. ಇಂದು ಈ ಭಾಗದ ಬಸ್ಸುಗಳನ್ನು ಓಡಿಸುತ್ತಿರುವುದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. ಆಡಳಿತ ಬದಲಾಯಿತು, ಹೆಸರುಗಳು ಬದಲಾದವು, ಎಂಜಿನ್ನು ಬದಲಾಯಿತು. ಅಷ್ಟೇಕೆ, ಅಂಗವಿಕಲರೆಂಬ ಶಬ್ದವೇ ಸರ್ಕಾರಿ ಕಡತಗಳಲ್ಲಿ ವಿಕಲಚೇತನರೆಂದಾಯಿತು. ಮೆಟ್ಟಿಲನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಏಕೆ ಮುಟ್ಟಲಿಲ್ಲ ಎಂಬುದಕ್ಕೆ ಕಾನೂನಿನ ಭಾಷೆಯನ್ನು ಸ್ವಲ್ಪ ನೋಡಬೇಕು. 1995ರ ಅಂಗವಿಕಲರ ಅಧಿನಿಯಮದ 44ನೆಯ ಪ್ರಕರಣವು ಬಸ್ಸುಗಳನ್ನೂ ರೈಲುಡಬ್ಬಿಗಳನ್ನೂ ಇವರಿಗೆ ಅನುಕೂಲಿಸುವಂತೆ ಮಾರ್ಪಡಿಸಬೇಕೆಂದು ಹೇಳಿತು. ಆದರೆ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಮಾತನ್ನು ಮೊದಲೇ ಇಟ್ಟುಕೊಂಡಿತು. 2016ರ ಅಧಿನಿಯಮ ಇನ್ನೂ ಉದಾರವಾದದ್ದು, ವಿಕಲತೆಯ 21 ಬಗೆಗಳನ್ನು ಗುರುತಿಸಿದ್ದು. ಆದರೂ ಅದರ 41ನೆಯ ಪ್ರಕರಣದಲ್ಲಿ ಹಳೆಯ ವಾಹನಗಳ ಮಾರ್ಪಾಡಿನ ಮಾತು ಬಂದೊಡನೆ ತಾಂತ್ರಿಕವಾಗಿ ಸಾಧ್ಯವಿದ್ದಲ್ಲಿ, ಸುರಕ್ಷಿತವಾಗಿದ್ದಲ್ಲಿ, ಆರ್ಥಿಕವಾಗಿ ನಿಭಾಯಿಸುವಂತಿದ್ದಲ್ಲಿ ಎಂದು ಷರತ್ತುಗಳು ಸಾಲುಗಟ್ಟುತ್ತವೆ. ಷರತ್ತುಗಳು ಅನ್ಯಾಯವಾದವೆಂದು ನಾನು ಹೇಳಲಾರೆ. ನಷ್ಟದಲ್ಲಿರುವ ನಿಗಮ ತನ್ನ ಬಸ್ಸುಗಳನ್ನೆಲ್ಲ ಒಡೆದು ಕಟ್ಟಲಾರದು. ಆದರೆ ಕಚೇರಿಯ ಮೇಜಿನ ಮೇಲೆ ಅಂಥ ಮಾತೊಂದಿದ್ದರೆ ಕಡತವು ಅದನ್ನೇ ಊರುಗೋಲಾಗಿಸಿಕೊಂಡು ನಿಂತುಬಿಡುತ್ತದೆ. ದೃಷ್ಟಿವಿಕಲರಾದ ರಾಜೀವ್ ರತೂರಿ 2005ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು ಇದೇ ಪ್ರವೃತ್ತಿಯನ್ನು ಹಿಡಿದು ಕೇಳಿತು. ಪ್ರವೇಶಸೌಲಭ್ಯದ ಮಾನದಂಡಗಳನ್ನು ಬರಿಯ ಸಲಹೆಯ ಮಟ್ಟಕ್ಕಿಳಿಸಿದ ನಿಯಮವು ಮೂಲ ಕಾನೂನಿಗೆ ವಿರುದ್ಧವೆಂದು ಸಾರಿ, ಕಡ್ಡಾಯದ ನಿಯಮಗಳನ್ನು ರಚಿಸುವಂತೆ ಕೇಂದ್ರಕ್ಕೆ ಆದೇಶಿಸಿತು.

ಸರ್ಕಾರಕ್ಕೆ ಸುಲಭವಾಗಿ ಕೈಗೂಡುವುದು ದರದ ರಿಯಾಯಿತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳ ಪ್ರಯಾಣ ಉಚಿತವಾಯಿತು. ಒಂದು ಆದೇಶದಿಂದ ರಾತ್ರಿ ಬೆಳಗಾಗುವುದರೊಳಗೆ ಆದ ಕೆಲಸವದು, ದೊಡ್ಡ ಕೆಲಸವೇ. ವಿಕಲಚೇತನರಿಗೂ ರಿಯಾಯಿತಿಯ ಪಾಸು ಬಹುಕಾಲದಿಂದ ಉಂಟು. ವಾಸಸ್ಥಳದಿಂದ 100 ಕಿಲೋಮೀಟರುಗಳ ಮಿತಿ ಅದಕ್ಕೆ. ತಿಂಥಣಿಯವನಿಗೆ ಯಾದಗಿರಿ ಈ ಮಿತಿಯೊಳಗೆ ಬರುತ್ತದೆ. ಹೈಕೋರ್ಟಿನ ಪೀಠವೂ ಸಾರಿಗೆ ನಿಗಮದ ಕೇಂದ್ರ ಕಚೇರಿಯೂ ಇರುವ ಕಲಬುರಗಿ ಬರುವುದಿಲ್ಲ. ಇರಲಿ. ಪಾಸು ಕೈಯಲ್ಲಿದ್ದೂ ಹತ್ತಲಾಗದವನು ಕೊನೆಗೆ ಹಣ ತೆತ್ತು ಟಂಟಂ ಏರುತ್ತಾನೆ. ಅದರ ನೆಲ ತಗ್ಗು. ಚಾಲಕ ಇಳಿದುಬಂದು ರಟ್ಟೆ ಹಿಡಿದು ಕೂರಿಸುತ್ತಾನೆ. ಬಡವರಲ್ಲಿ ಬಡವನಾದವನು ಹೆಚ್ಚು ಬಾಡಿಗೆ ಕೊಡಬೇಕಾಗಿ ಬರುವುದು ಹೀಗೆ. ನಿಗಮದ ಲೆಕ್ಕಪುಸ್ತಕದಲ್ಲಿ ಅವನು ಪ್ರಯಾಣಿಕನೇ ಅಲ್ಲವಾದ್ದರಿಂದ ಅವನ ಬೇಡಿಕೆಯೂ ಅಲ್ಲಿ ಕಾಣಿಸುವುದಿಲ್ಲ.

ತಗ್ಗುನೆಲದ ಬಸ್ಸು ಇದಕ್ಕೆ ಉತ್ತರವೆಂದು ಪಟ್ಟಣದವರು ಹೇಳುತ್ತಾರೆ. ಅದರ ನೆಲ ರಸ್ತೆಯಿಂದ 400 ಮಿಲಿಮೀಟರು ಮಾತ್ರ. ಬೆಂಗಳೂರಿನಲ್ಲಿ ಅದು ಓಡೀತು. ಮಳೆಗಾಲದಲ್ಲಿ ಎರೆಭೂಮಿಯ ಹಳ್ಳಿದಾರಿ ಹಿಡಿದರೆ ಅದರ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ. ಬಸ್ಸನ್ನು ತಗ್ಗಿಸಲಾಗದಿದ್ದಲ್ಲಿ ನಿಲ್ಲುವ ನೆಲವನ್ನು ಎತ್ತರಿಸಬಹುದಲ್ಲವೆ? 2018ರಲ್ಲಿ ಓಡಲಾರಂಭಿಸಿದ ಹುಬ್ಬಳ್ಳಿ–ಧಾರವಾಡದ ‘ಚಿಗರಿ’ ಬಸ್ಸುಗಳಿಗೆ ಮಾಡಿರುವುದು ಅದನ್ನೇ: ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಸಮಮಟ್ಟ, ಹತ್ತುವ ಮಾತೇ ಇಲ್ಲ, ನಡೆದು ಒಳಹೋಗುವುದು. ಕಟ್ಟೆ ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ. ಅಗಸೆಯ ಮುಂದೆ, ಬೇವಿನ ಮರದ ಸುತ್ತ ಕಟ್ಟಿದವರು ಬಸ್ಸು ನಿಲ್ಲುವಲ್ಲಿ ಒಂದು ಬದಿಗೆ ಇಳಿಜಾರಿರುವ ಕಟ್ಟೆಯೊಂದನ್ನು ಕಟ್ಟಲಾರರೆ?

ಕಟ್ಟೆಗಿಂತಲೂ ಮುಖ್ಯವಾದದ್ದು ಖರೀದಿಯ ಕಾಗದ. 1990ರ ಅಮೆರಿಕದ ಕಾನೂನು ಓಡುತ್ತಿದ್ದ ಹಳೆಯ ಬಸ್ಸುಗಳನ್ನು ಬಿಟ್ಟು, ಮುಂದೆ ಕೊಳ್ಳುವ ಸಾರ್ವಜನಿಕ ಬಸ್ಸು ಗಾಲಿಕುರ್ಚಿಗೆ ಒದಗುವಂತಿರಬೇಕೆಂದು ಬಿಗಿಯಾಗಿ ಹೇಳಿತು. ನಮ್ಮಲ್ಲಿ 2023ರ ಏಪ್ರಿಲಿನಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಗುತ್ತದೆ. ಎಂದರೆ ಹಳೆಯವು ಹೋಗಿ ಹೊಸವು ಬರುತ್ತಲೇ ಇರುತ್ತವೆ. ಇಂದು ಎತ್ತರದ ಮೆಟ್ಟಿಲಿನ ಬಸ್ಸು ಕೊಂಡರೆ ಆ ಮೆಟ್ಟಿಲು ಹದಿನೈದು ವರ್ಷದವರೆಗೂ ಉಳಿದೀತು. ನೀತಿ ರೂಪಿಸುವವನ ನಿಜವಾದ ಕೆಲಸವಿರುವುದು ಟೆಂಡರಿನ ವಿವರಪಟ್ಟಿಯಲ್ಲಿ: ಕೆಳಕ್ಕೆ ಚಾಚುವ ಒಂದು ಮಡಿಚು ಮೆಟ್ಟಿಲು, ಬಾಗಿಲ ಎರಡೂ ಕಡೆ ಹಿಡಿಕಂಬಿ, ಮುಂಬಾಗಿಲ ಬಳಿಯೇ ಕಾದಿರಿಸಿದ ಆಸನ. ಕಟ್ಟೆಯ ಕೆಲಸದ ತೊಡಕು ಬೇರೆ. ರಸ್ತೆ ಲೋಕೋಪಯೋಗಿ ಇಲಾಖೆಯದು, ಬಸ್ಸು ನಿಗಮದ್ದು, ಅಂಚಿನ ಜಾಗ ಬಹುಶಃ ಪಂಚಾಯಿತಿಯದು. ಈ ಮೂವರನ್ನು ಒಂದು ಕಡೆ ಕೂರಿಸಬಲ್ಲವರು ಜಿಲ್ಲಾಧಿಕಾರಿಗಳು. ಅವರಿಗೆ ಅರ್ಜಿ ಹೋಗಬೇಕಾದದ್ದು ಗ್ರಾಮಸಭೆಯಿಂದ, ಜಾತ್ರೆಗೆ ಸಾಕಷ್ಟು ಮುಂಚೆ.