ತಪ್ಪೊಪ್ಪಿಕೊಂಡ ತೀರ್ಪುಗಾರ

ನಮಗೆ ಕ್ರಿಕೆಟ್ ಹೇಗೋ ಅಮೆರಿಕದವರಿಗೆ ಬೇಸ್‌ಬಾಲ್ ಹಾಗೆ. ಅಲ್ಲಿಯೂ ಚೆಂಡು, ದಾಂಡು, ತೀರ್ಪುಗಾರರು ಉಂಟು. ಚೆಂಡನ್ನು ಹೊಡೆದವನು ಅಂಗಳದ ಮೂರು ನೆಲೆಗಳನ್ನು ಮುಟ್ಟಿ ಹೊರಟಲ್ಲಿಗೇ ಮರಳಿದರೆ ಒಂದು ಓಟ. ಪ್ರತಿ ತಂಡಕ್ಕೂ 9 ಸರದಿಗಳು. ಮೂವರು ಔಟಾದರೆ ಒಂದು ಸರದಿ ಮುಗಿಯಿತು. ಎದುರಾಳಿಗಳಲ್ಲಿ ಒಬ್ಬನಿಗೂ ಮೊದಲ ನೆಲೆ ದೊರೆಯದಂತೆ 27 ಸಲವೂ ಸಾಲಾಗಿ ಔಟ್ ಮಾಡಿದ ಎಸೆತಗಾರನ ಸಾಧನೆಗೆ 'ಪರ್ಫೆಕ್ಟ್ ಗೇಮ್', ಎಂದರೆ ಪರಿಪೂರ್ಣ ಪಂದ್ಯವೆಂದು ಹೆಸರು. ಶತಮಾನಕ್ಕೂ ಮಿಕ್ಕಿದ ಇತಿಹಾಸವುಳ್ಳ ಅಲ್ಲಿನ ಮೇಜರ್ ಲೀಗ್‌ನಲ್ಲಿ 2010ರ ಮೇ ಅಂತ್ಯದವರೆಗೆ ಇದು ಸಾಧ್ಯವಾದದ್ದು ಕೇವಲ 20 ಬಾರಿ.

ಅದೇ ವರ್ಷ ಜೂನ್ 2ರ ಸಂಜೆ ಡೆಟ್ರಾಯಿಟ್ ನಗರದಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಎದುರು ಡೆಟ್ರಾಯಿಟ್ ಟೈಗರ್ಸ್ ತಂಡದ ಪರವಾಗಿ ಚೆಂಡೆಸೆಯಲು ನಿಂತವನು ವೆನೆಜುವೆಲಾ ದೇಶದ 28 ವರ್ಷದ ಅರ್ಮಾಂಡೊ ಗಲರಾಗ. ಕೆಲವೇ ವಾರಗಳ ಹಿಂದೆ ಕೆಳದರ್ಜೆಯ ತಂಡದಿಂದ ಮರಳಿ ಕರೆಸಿಕೊಂಡಿದ್ದ ಆಟಗಾರನೀತ. ಎಂಟು ಸರದಿಗಳು ಕಳೆದುವು. ಯಾರಿಗೂ ನೆಲೆ ಸಿಗಲಿಲ್ಲ. ಒಂಬತ್ತನೆಯ ಸರದಿಯ ಮೊದಲ ಹೊಡೆತ ಬಹುದೂರ ಹಾರಿತು. ಆಸ್ಟಿನ್ ಜ್ಯಾಕ್ಸನ್ ಅಂಗಳಕ್ಕೆ ಬೆನ್ನುಮಾಡಿ ಓಡಿ ಅದನ್ನು ಹಿಡಿದಾಗ ಕ್ರೀಡಾಂಗಣವೇ ಎದ್ದುನಿಂತಿತು. ಮತ್ತೊಬ್ಬನೂ ಔಟಾದನು. ಅಲ್ಲಿಗೆ 26.

ಇಪ್ಪತ್ತೇಳನೆಯವನು ಜೇಸನ್ ಡೊನಾಲ್ಡ್. ಅವನ ಚೆಂಡು ನೆಲದ ಮೇಲೆ ಉರುಳಿತು. ಮಿಗೆಲ್ ಕಬ್ರೆರ ಅದನ್ನು ಹಿಡಿದು ಮೊದಲ ನೆಲೆಯತ್ತ ಓಡಿಬಂದ ಗಲರಾಗನಿಗೆ ಎಸೆದನು. ಗಲರಾಗ ಚೆಂಡು ಹಿಡಿದು ನೆಲೆಯನ್ನು ಮೆಟ್ಟಿದ ಮೇಲೆಯೇ ಡೊನಾಲ್ಡನ ಕಾಲು ಅಲ್ಲಿಗೆ ತಲುಪಿತು. ಆದರೆ ತೀರ್ಪುಗಾರ ಜಿಮ್ ಜಾಯ್ಸ್ ಎರಡೂ ಕೈಗಳನ್ನು ಅಗಲಿಸಿ, ಔಟಲ್ಲವೆಂದು ಸಾರಿಬಿಟ್ಟರು!

ಜೊತೆಗಾರರು ಕನಲಿದರು. ಗಲರಾಗನಾದರೋ ಒಂದು ಮಾತನ್ನೂ ಆಡದೆ ಮುಗುಳ್ನಕ್ಕು ಮತ್ತೆ ಚೆಂಡೆಸೆಯಲು ನಡೆದನು. ಮುಂದಿನ ದಾಂಡಿಗನನ್ನು ಔಟ್ ಮಾಡಿದನು. ತಂಡ 3-0ರಿಂದ ಗೆದ್ದಿತು.

ಜಾಯ್ಸ್ ಎರಡು ದಶಕಗಳ ಅನುಭವವುಳ್ಳ ತೀರ್ಪುಗಾರರು. ಪಂದ್ಯದ ತರುವಾಯ ಚಿತ್ರಣವನ್ನು ನೋಡಿದಾಗ ತಮ್ಮ ತಪ್ಪು ಅವರಿಗೆ ಕಂಡಿತು. ಅವರು ನೆಪ ಹುಡುಕಲಿಲ್ಲ. ಹುಡುಗನ ಪರಿಪೂರ್ಣ ಪಂದ್ಯವನ್ನು ತಾನೇ ಕಸಿದುಕೊಂಡೆನೆಂದು ಪತ್ರಕರ್ತರ ಮುಂದೆ ಒಪ್ಪಿಕೊಂಡರು. ಗಲರಾಗನನ್ನು ಕಂಡು ಕಣ್ಣೀರಿಡುತ್ತ ಕ್ಷಮೆ ಬೇಡಿದರು. ಅವನು ಅವರನ್ನು ಅಪ್ಪಿಕೊಂಡನು.

ಮರುದಿನವೂ ಅವೇ ತಂಡಗಳ ಆಟ, ಜಾಯ್ಸರದೇ ತೀರ್ಪುಗಾರಿಕೆ. ಆಟಗಾರರ ಪಟ್ಟಿಯನ್ನು ಅವರ ಕೈಗೆ ಒಪ್ಪಿಸಲು ತಂಡದವರು ಕಳುಹಿಸಿದ್ದು ಗಲರಾಗನನ್ನೇ. ಪಟ್ಟಿ ಪಡೆಯುತ್ತ ಜಾಯ್ಸ್ ಕಣ್ಣೊರಸಿಕೊಂಡರು. ಹುಡುಗನ ಭುಜ ತಟ್ಟಿದರು. ಲೀಗಿನ ಮುಖ್ಯಸ್ಥ ಬಡ್ ಸೀಲಿಗ್ ತೀರ್ಪನ್ನು ಬದಲಿಸಲಿಲ್ಲ. ದಾಖಲೆಯಲ್ಲಿ ಗಲರಾಗನ ಪರಿಪೂರ್ಣತೆ ಇಂದಿಗೂ ಇಲ್ಲ. ಇಂಥ ತೀರ್ಪುಗಳನ್ನು ಚಿತ್ರಣದಿಂದ ಮರುಪರಿಶೀಲಿಸುವ ಏರ್ಪಾಡು ಬಂದದ್ದು 2014ರಲ್ಲಿ.

ಈ ಕಥೆಯನ್ನು ಓದಿದಂದಿನಿಂದ ನನಗೊಂದು ಹಳೆಯ ಪ್ರಸಂಗ ನೆನಪಾಗುತ್ತಿದೆ. ಶಾಲೆಯ ಕ್ರೀಡೋತ್ಸವದ ಕಬಡ್ಡಿಯಲ್ಲಿ ನಾನೇ ತೀರ್ಪುಗಾರ. ಗೆರೆ ಮುಟ್ಟಿದ್ದ ಬಾಲಕನನ್ನು ಔಟೆಂದೆ. ಸಂಜೆ ಸಹೋದ್ಯೋಗಿಯೊಬ್ಬರು ತಪ್ಪನ್ನು ತೋರಿಸಿಕೊಟ್ಟರು. ಮರುದಿನ ತರಗತಿಯಲ್ಲಿ ಅದನ್ನು ಹೇಳಲು ನನಗೆ ನಾಲಗೆ ಏಳಲಿಲ್ಲ. ಗುರುವಿನ ಮಾತಿಗೆ ಬೆಲೆ ಕುಂದೀತೆಂಬ ಅಂಜಿಕೆ. ಆ ಬಾಲಕ ಈಗ ಎರಡು ಮಕ್ಕಳ ತಂದೆ. ದಾರಿಯಲ್ಲಿ ಕಂಡರೆ ಇಂದಿಗೂ "ನಮಸ್ಕಾರ ಮಾಷ್ಟ್ರೇ" ಎಂದು ನಿಲ್ಲುತ್ತಾನೆ.

ಮಕ್ಕಳ ಮುಂದೆ ತಪ್ಪೊಪ್ಪಿಕೊಂಡರೆ ಹಿರಿಯರು ಸಣ್ಣವರಾಗುತ್ತಾರೆಂಬ ಭಾವನೆ ಶಾಲೆಯಲ್ಲಿಯೂ ಉಂಟು, ಮನೆಯಲ್ಲಿಯೂ ಉಂಟು. ಜಾಯ್ಸ್ ಅದರಿಂದ ಸಣ್ಣವರಾಗಲಿಲ್ಲ. ಮುಂದಿನ ಸಲ ಆ ನನ್ನ ಶಿಷ್ಯ ಎದುರಾದಾಗ, ಅಂದು ಹೇಳದೆ ಉಳಿದ ಮಾತನ್ನು ಹೇಳಿಬಿಡಬೇಕೆಂದಿದ್ದೇನೆ.