ಮೈದಾನದ ಗಾಳಿ, ವೈದ್ಯರ ಮಾತು

ನಮ್ಮ ಶಿವಮೊಗ್ಗ ಜಿಲ್ಲೆಯ ಸೋಗಾನೆಯ ವಿಮಾನ ನಿಲ್ದಾಣಕ್ಕೆ ಅಡಿಗಲ್ಲು ಬಿದ್ದದ್ದು 2020ರ ಜೂನ್‌ನಲ್ಲಿ. ಕೊರೊನಾದ ಮೊದಲ ಲಾಕ್‌ಡೌನ್ ಆಗಷ್ಟೇ ಸಡಿಲವಾಗಿತ್ತು. 3,200 ಮೀಟರ್ ಉದ್ದದ ರನ್‌ವೇ ಬರಬೇಕಿದ್ದ ಬಯಲಿಗೆ ಕೆಲಸಗಾರರೂ ಯಂತ್ರಗಳೂ ಇಳಿಯಬಹುದಿತ್ತು. ಪಕ್ಕದ ಶಿವಮೊಗ್ಗ, ಭದ್ರಾವತಿಯ ಶಾಲೆಗಳು ರಾಜ್ಯದ ಎಲ್ಲ ಶಾಲೆಗಳಂತೆ ಮುಚ್ಚಿದ್ದವು. ಶಾಲೆಯ ಜೊತೆಗೆ ಮೈದಾನವೂ. ಅದೇ ಜೂನ್ 25ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು. ಮಾಸ್ಕ್ ಹಾಕಿಕೊಂಡು, ದೂರ ದೂರದ ಡೆಸ್ಕುಗಳಲ್ಲಿ ರಾಜ್ಯದ ಎಂಟು ಲಕ್ಷದಷ್ಟು ಮಕ್ಕಳು ಕೊಠಡಿಗಳ ಒಳಗೆ ಮೂರು ಗಂಟೆ ಕೂತು ಬರೆದರು.

ಇನ್ನೊಂದು ಆದೇಶವನ್ನೂ ನೆನೆಯಬೇಕು. ಮೇ 17ರಂದು ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ ಮಾರ್ಗಸೂಚಿ, ಪ್ರೇಕ್ಷಕರಿಲ್ಲದೆ ಕ್ರೀಡಾಂಗಣಗಳನ್ನು ತೆರೆಯಬಹುದು ಎಂದಿತು. 65 ದಾಟಿದವರು ಮತ್ತು 10 ವರ್ಷದೊಳಗಿನ ಮಕ್ಕಳು ಮನೆಯಲ್ಲೇ ಇರಲಿ ಎಂದೂ ಅದರಲ್ಲೇ ಇತ್ತು. ದೊಡ್ಡವರು ಕ್ರೀಡಾಂಗಣದಲ್ಲಿ ಓಡಬಹುದು, ಮಗು ತನ್ನ ಶಾಲೆಯ ಬಯಲಿಗೆ ಕಾಲಿಡುವಂತಿಲ್ಲ. ಒಂದೊಂದು ನಿಯಮಕ್ಕೂ ಒಂದೊಂದು ಕಾರಣವಿತ್ತು. ಆದರೆ ಆ ಕಾರಣ ಊರಿನ ಪಿ.ಟಿ. ಮೇಷ್ಟ್ರ ತನಕ ಬರಲಿಲ್ಲ, ಬಂದದ್ದು ಆದೇಶ ಮಾತ್ರ. ತಜ್ಞರ ಮೇಲಿನ ನಂಬಿಕೆ ಸಡಿಲಗೊಂಡದ್ದು ಇಲ್ಲಿಂದಲೇ ಎಂದು ನನಗೆ ಅನ್ನಿಸುತ್ತದೆ.

ಮೊದಲ ತಿಂಗಳುಗಳಲ್ಲಿ ಶಾಲೆ ಮುಚ್ಚಿದ್ದಕ್ಕೆ ವೈದ್ಯರನ್ನು ದೂರುವಂತಿಲ್ಲ. ಅವರ ಮುಂದಿದ್ದ ಹಳೆಯ ಅನುಭವ ಇನ್‌ಫ್ಲುಯೆಂಜಾದ್ದು. ಆ ಜ್ವರವನ್ನು ಊರಿಡೀ ಹಬ್ಬಿಸುವವರಲ್ಲಿ ಮಕ್ಕಳೇ ಮುಂದು. ಹೊಸ ವೈರಸ್ಸೂ ಹಾಗೇ ನಡೆದುಕೊಂಡೀತು, ಮಕ್ಕಳಿಂದ ಮನೆಯ ಅಜ್ಜ ಅಜ್ಜಿಗೆ ತಗುಲೀತು ಎಂದು ಅಂದಾಜಿಸಿದ್ದು ವಿವೇಕದ ನಡೆಯೇ. ತೊಡಕಾದದ್ದು ಬೇರೆ ಕಡೆ: ಈ ವೈರಸ್ ಒಬ್ಬರಿಂದ ಇನ್ನೊಬ್ಬರಿಗೆ ಯಾವ ದಾರಿಯಲ್ಲಿ ಹೋಗುತ್ತದೆ ಎಂಬ ಪ್ರಶ್ನೆಯಲ್ಲಿ.

2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ, ಕೋವಿಡ್ ಗಾಳಿಯಲ್ಲಿ ಹರಡುವುದಿಲ್ಲ ಎಂದು ಖಚಿತ ದನಿಯಲ್ಲಿ ಸಾರಿತು. ಕೆಮ್ಮು, ಸೀನಿನ ದಪ್ಪ ಹನಿಗಳು ಒಂದೆರಡು ಮೀಟರ್‌ನಲ್ಲೇ ನೆಲಕ್ಕೆ ಬೀಳುತ್ತವೆ, ಆಮೇಲೆ ಮುಟ್ಟಿದ ಕೈಯಿಂದ ಅಪಾಯ ಎಂಬುದು ಆಗಿನ ತಿಳಿವಳಿಕೆ. ಹಾಗಾಗಿಯೇ ನಾವು ತರಕಾರಿ ತೊಳೆದೆವು, ಹಾಲಿನ ಪ್ಯಾಕೆಟ್ ಒರೆಸಿದೆವು, ಬೀದಿಬೀದಿಗೆ ಸೋಡಿಯಂ ಹೈಪೋಕ್ಲೋರೈಟ್ ಸಿಂಪಡಿಸಿದೆವು. ಆ ವರ್ಷದ ಜುಲೈನಲ್ಲಿ 239 ವಿಜ್ಞಾನಿಗಳು ಬಹಿರಂಗ ಪತ್ರ ಬರೆದು, ಉಸಿರಿನಲ್ಲೇ ಹೊರಬರುವ ಅತಿಸಣ್ಣ ಕಣಗಳು ಗಾಳಿಯಲ್ಲಿ ತೇಲುತ್ತವೆ, ಅದನ್ನು ಗಣನೆಗೆ ತೆಗೆದುಕೊಳ್ಳಿ ಎಂದರು. ಗಾಳಿಯಲ್ಲಿ ತೇಲುವ ಕಣಗಳಿಂದ, ಗಾಳಿಯಾಡದ ಕೋಣೆಗಳಲ್ಲಿ ದೂರದವರಿಗೂ ಸೋಂಕು ತಗುಲಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ತನ್ನ ಜಾಲತಾಣದಲ್ಲಿ ಬಿಡಿಸಿ ಬರೆದದ್ದು 2021ರ ಏಪ್ರಿಲ್ 30ರಂದು. ನಮ್ಮ ದೇಶದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಕಿಟಕಿ ಬಾಗಿಲು ತೆರೆದಿಡಿ, ಕಣಗಳು 10 ಮೀಟರ್ ತನಕ ಸಾಗಬಲ್ಲವು ಎಂದು ಹೇಳುವಾಗ ಮೇ ತಿಂಗಳು. ಅಷ್ಟರಲ್ಲಿ ಎರಡನೇ ಅಲೆ ಸಾವಿರಾರು ಮನೆಗಳನ್ನು ಬರಿದು ಮಾಡಿತ್ತು.

ಈ ಕಣಗಳ ಸ್ವಭಾವ ತಿಳಿದರೆ ಮೈದಾನದ ಪ್ರಶ್ನೆ ಅರ್ಧ ಬಗೆಹರಿದಂತೆ. ಮುಚ್ಚಿದ ದೇವರ ಕೋಣೆಯಲ್ಲಿ ಹಚ್ಚಿದ ಊದುಬತ್ತಿಯ ಹೊಗೆ ಗಂಟೆಗಟ್ಟಲೆ ಅಲ್ಲೇ ಸುತ್ತುತ್ತದೆ. ಅದೇ ಬತ್ತಿಯನ್ನು ಅಂಗಳದಲ್ಲಿ ಹಚ್ಚಿದರೆ ಮೂರು ಮಾರು ದೂರದವರಿಗೆ ವಾಸನೆಯೂ ಸಿಗದು. ಉಸಿರಿನ ಕಣಗಳ ನಡೆಯೂ ಇದೇ. ಬಯಲಿನಲ್ಲಿ ಗಾಳಿ ಅವನ್ನು ಚೆದುರಿಸುತ್ತದೆ, ಬಿಸಿಲಿನ ನೇರಳಾತೀತ ಕಿರಣ ವೈರಸ್ಸನ್ನು ಬೇಗ ನಿಷ್ಕ್ರಿಯಗೊಳಿಸುತ್ತದೆ. ಚೀನಾದಲ್ಲಿ 2020ರ ಆರಂಭದ, ಮೂವರು ಅಥವಾ ಹೆಚ್ಚು ಜನರಿಗೆ ಒಟ್ಟಿಗೆ ಸೋಂಕು ತಗುಲಿದ 318 ಪ್ರಕರಣಗಳನ್ನು ಸಂಶೋಧಕರು ಬೆನ್ನುಹತ್ತಿ ನೋಡಿದರು. ಅವೆಲ್ಲವೂ ಒಳಾಂಗಣದಲ್ಲೇ ಹುಟ್ಟಿದ್ದವು. ಆಮೇಲೆ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗಲೂ ಬಯಲಿನಲ್ಲಿ ತಗುಲಿದ ಪಾಲು ಶೇ 10ಕ್ಕಿಂತ ಕಡಿಮೆ ಎಂದೇ ಕಂಡಿತು.

ಆದರೆ ಆಟವೆಂದರೆ ಬರೀ ಬಯಲಲ್ಲ, ಏದುಸಿರೂ ಹೌದು. ಸುಮ್ಮನೆ ಕೂತ ವಯಸ್ಕರು ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಎಳೆದು ಬಿಡುತ್ತಾರೆ. ಜೋರಾಗಿ ಓಡುವಾಗ ಅದು ಹತ್ತು ಪಟ್ಟಿಗೂ ಹೆಚ್ಚಾಗಬಹುದು. ಮ್ಯೂನಿಕ್‌ನ ಸಂಶೋಧಕರು 16 ಜನರನ್ನು ಸೈಕಲ್ ಯಂತ್ರದ ಮೇಲೆ ಕೂರಿಸಿ, ಉಸಿರಿನ ಕಣಗಳನ್ನು ಎಣಿಸಿ, 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 580 ಕಣ, ಶಕ್ತಿಮೀರಿ ತುಳಿಯುವಾಗ ಸುಮಾರು 76,200. ಇದು 130 ಪಟ್ಟು ಏರಿಕೆ. ದಕ್ಷಿಣ ಕೊರಿಯಾದ ಚೆಯೊನಾನ್‌ನಲ್ಲಿ 2020ರ ಫೆಬ್ರುವರಿಯಲ್ಲಿ ನಡೆದ ನೃತ್ಯ ವ್ಯಾಯಾಮದ ತರಗತಿಗಳಿಂದ 112 ಮಂದಿಗೆ ಸೋಂಕು ಹಬ್ಬಿದ್ದು ಈ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ: ಚಿಕ್ಕ ಕೋಣೆ, ಜೋರು ಉಸಿರು. ಅಮೆರಿಕದ ಫ್ಲೋರಿಡಾದಲ್ಲಿ ಅದೇ ವರ್ಷದ ಜೂನ್‌ನಲ್ಲಿ ಛಾವಣಿಯ ಕೆಳಗೆ ನಡೆದ ಒಂದೇ ಒಂದು ಐಸ್ ಹಾಕಿ ಪಂದ್ಯದ ನಂತರ 22 ಆಟಗಾರರಲ್ಲಿ 14 ಮಂದಿ ಕಾಯಿಲೆ ಬಿದ್ದರು. ಅದೇ ದೇಶದ ವಿಸ್ಕಾನ್ಸಿನ್‌ನ ಪ್ರೌಢಶಾಲೆಗಳಲ್ಲಿ ಆ ವರ್ಷ 30,000 ವಿದ್ಯಾರ್ಥಿಗಳು ಎಚ್ಚರಿಕೆಯೊಂದಿಗೆ ಆಡಿದರು. ಸೋಂಕಿನ ಮೂಲ ಗೊತ್ತಾದ 209 ಮಂದಿಯಲ್ಲಿ ಆಟದಿಂದ ತಗುಲಿದ್ದು ಒಬ್ಬರಿಗೆ. ಹೆಚ್ಚಿನವರಿಗೆ ತಗುಲಿದ್ದು ಮನೆಯಲ್ಲಿ.

ಹಾಗಾದರೆ ನಮ್ಮ ಜಿಲ್ಲೆಯ ಮಕ್ಕಳ ಆಟಗಳನ್ನು ಈ ತಿಳಿವಳಿಕೆಯಲ್ಲಿ ಇಟ್ಟು ನೋಡಬಹುದಿತ್ತು. ಓಟ, ಉದ್ದಜಿಗಿತ, ಗುಂಡೆಸೆತಕ್ಕೆ ಅಡ್ಡಿಯೇ ಇರಲಿಲ್ಲ. ಬಯಲಿನ ವಾಲಿಬಾಲ್‌ನಲ್ಲಿ ಎರಡು ತಂಡಗಳ ನಡುವೆ ನೆಟ್ ಇದೆ. ಖೋ ಖೋದಲ್ಲಿ ಬೆನ್ನು ಮುಟ್ಟುವುದು ಕ್ಷಣಮಾತ್ರ. ಕಬಡ್ಡಿಯ ವಿಷಯ ಬೇರೆ: ಬಾಯಿಬಿಟ್ಟು ಒಂದೇ ಸಮನೆ ಕೂಗುತ್ತಾ ಎದುರಾಳಿಗಳ ಮೈಮೇಲೆ ಹೋಗುವ ಆಟ ಅದು. ಮಣ್ಣಿನ ಅಂಕಣಕ್ಕಿಂತ ಒಳಾಂಗಣದ ಮ್ಯಾಟ್ ಮೇಲೆ ಅದರ ಅಪಾಯ ಹೆಚ್ಚು. ಇಷ್ಟನ್ನು ಒಬ್ಬ ವೈದ್ಯರು ಪಿ.ಟಿ. ಮೇಷ್ಟ್ರ ಜೊತೆ ಅರ್ಧ ಗಂಟೆ ಕೂತು ಹೇಳಿದ್ದರೆ ಯಾವ ಆಟ ಬೇಕು, ಯಾವುದು ಸದ್ಯಕ್ಕೆ ಬೇಡ ಎಂದು ಮೇಷ್ಟ್ರೇ ತೀರ್ಮಾನಿಸುತ್ತಿದ್ದರು. ಎಲ್ಲಕ್ಕೂ ಒಂದೇ ಬೀಗ ಹಾಕುವ ಪ್ರಮೇಯ ಬರುತ್ತಿರಲಿಲ್ಲ.

ಬಯಲಿನ ಲಾಭ ಸರ್ಕಾರಕ್ಕೆ ಹೊಳೆಯಲೇ ಇಲ್ಲ ಎಂದರೆ ತಪ್ಪಾಗುತ್ತದೆ. 2020ರ ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮ ಆ ದಿಕ್ಕಿನ ಒಳ್ಳೆಯ ಹೆಜ್ಜೆ. ಶಾಲೆ ಮುಚ್ಚಿದ್ದರೂ ಶಿಕ್ಷಕರು ಊರೊಳಗೆ ಬಂದು ಮರದಡಿ, ಜಗಲಿಯ ಮೇಲೆ, ದೇವಸ್ಥಾನದ ಅಂಗಳದಲ್ಲಿ ಮಕ್ಕಳನ್ನು ಕೂರಿಸಿ ಕಲಿಸಿದರು. ಜನ ಅದನ್ನು ವಠಾರ ಶಾಲೆ ಎಂದರು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿಗಳು ಒಂದರ ಮೇಲೊಂದು ಬಂದಾಗ ಅಕ್ಟೋಬರ್‌ನಲ್ಲಿ ಅದು ನಿಂತಿತು. ಆ ಸೋಂಕುಗಳು ಮರದಡಿಯ ಪಾಠದಿಂದ ಬಂದವೇ, ಮನೆಯಿಂದಲೇ, ಬಸ್ಸಿನಿಂದಲೇ ಎಂದು ಬಿಡಿಸಿ ಹೇಳುವ ವ್ಯವಧಾನ ಆಗ ಯಾರಿಗೂ ಇರಲಿಲ್ಲ. ಭಯ ಗೆದ್ದಿತು.

ಭಯಕ್ಕೆ ಮುಂದಿನ ವರ್ಷ ಇನ್ನೊಂದು ರೂಪ ಬಂತು: ಮೂರನೇ ಅಲೆ ಮಕ್ಕಳನ್ನೇ ಹುಡುಕಿಕೊಂಡು ಬರುತ್ತದೆ ಎಂಬುದು. ರಾಜ್ಯ ಸರ್ಕಾರ ಡಾ. ದೇವಿಪ್ರಸಾದ್ ಶೆಟ್ಟಿ ಅವರ ನೇತೃತ್ವದಲ್ಲಿ ಸಮಿತಿ ಮಾಡಿ ಸಿದ್ಧತೆಗೆ ಇಳಿಯಿತು, ಅದು ಬೇಕಾದ ಕೆಲಸವೇ. ಮಕ್ಕಳಿಗೆ ವಿಶೇಷ ಅಪಾಯವಿದೆ ಎನ್ನಲು ಆಧಾರವಿಲ್ಲ ಎಂದು ದೆಹಲಿಯ ಏಮ್ಸ್‌ನ ಆಗಿನ ನಿರ್ದೇಶಕ ಡಾ. ರಣದೀಪ್ ಗುಲೇರಿಯಾ ಹೇಳಿದರೂ ಆ ಮಾತು ತಾಯಂದಿರ ಕಿವಿಗೆ ಬೀಳಲಿಲ್ಲ. ಅದೇ ವರ್ಷದ ಜೂನ್, ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 21 ರಾಜ್ಯಗಳ 70 ಜಿಲ್ಲೆಗಳಲ್ಲಿ ರಕ್ತ ಪರೀಕ್ಷೆ ನಡೆಸಿತು. ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇ 57.2, ಹತ್ತರಿಂದ ಹದಿನೇಳರವರಲ್ಲಿ ಶೇ 61.6 ಮಂದಿಯ ರಕ್ತದಲ್ಲಿ ಪ್ರತಿಕಾಯಗಳಿದ್ದವು. ಮಕ್ಕಳಿಗೆ ಆಗಿನ್ನೂ ಲಸಿಕೆಯೇ ಇರಲಿಲ್ಲ. ಅಂದರೆ ಶಾಲೆ, ಮೈದಾನ ಎರಡೂ ಬಹುಮಟ್ಟಿಗೆ ಮುಚ್ಚಿದ್ದಾಗಲೇ ಅರ್ಧಕ್ಕೂ ಹೆಚ್ಚು ಮಕ್ಕಳಿಗೆ ಸೋಂಕು ಬಂದು, ಬಹುಪಾಲು ಯಾರಿಗೂ ಗೊತ್ತಾಗದೆ ಹೋಗಿಯೂ ಆಗಿತ್ತು. ನಮ್ಮಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳು ಶಾಲೆಯ ಮುಖ ನೋಡಿದ್ದು 2021ರ ಅಕ್ಟೋಬರ್ 25ರಂದು, ಒಂದೂವರೆ ವರ್ಷ ದಾಟಿದ ಮೇಲೆ.

ಆಟ ನಿಂತದ್ದರ ಬೆಲೆ ಮಕ್ಕಳ ದೇಹದಲ್ಲಿ ದಾಖಲಾಗಿದೆ. ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಮಕ್ಕಳ ಮೈ ಬೆವರುವ ಚಟುವಟಿಕೆ ದಿನಕ್ಕೆ ಸರಾಸರಿ 17 ನಿಮಿಷ ಕಡಿಮೆಯಾಗಿತ್ತು. ಚೀನಾದ ಫೆಯ್‌ಚೆಂಗ್‌ನಲ್ಲಿ ಆರು ವರ್ಷದ ಮಕ್ಕಳ ಸಮೀಪದೃಷ್ಟಿ ಕೊರೊನಾಕ್ಕೂ ಹಿಂದಿನ ವರ್ಷಗಳಲ್ಲಿ ಶೇ 5.7 ದಾಟಿರಲಿಲ್ಲ, 2020ರಲ್ಲಿ ಶೇ 21.5ಕ್ಕೆ ಏರಿತು. ಕಣ್ಣು ಸರಿಯಾಗಿ ಬೆಳೆಯಲು ಬಯಲಿನ ಬೆಳಕು ಬೇಕು, ಮೊಬೈಲ್ ಪರದೆಯಿಂದ ಅದು ಸಿಗುವುದಿಲ್ಲ.

ನಮ್ಮ ಜಿಲ್ಲೆಗೆ ವೈದ್ಯವಿಜ್ಞಾನದ ಮೇಲಿನ ನಂಬಿಕೆಯ ಪ್ರಶ್ನೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗಿನಿಂದ ಮಂಗನ ಕಾಯಿಲೆ ನಮ್ಮ ಜೊತೆಗಿದೆ. ಅದಕ್ಕೆ ಲಸಿಕೆ ಬಂತು. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆಮೇಲೆ ಬೂಸ್ಟರ್, ಮತ್ತೆ ವರ್ಷವರ್ಷವೂ ಒಂದು. ಕೈ ಊದಿಕೊಳ್ಳುವಷ್ಟು ನೋವು. 2005ರಿಂದ 2010ರ ಮಾಹಿತಿ ಆಧರಿಸಿದ ಅಧ್ಯಯನದ ಪ್ರಕಾರ ಎರಡು ಡೋಸಿನ ರಕ್ಷಣೆ ಶೇ 62ರಷ್ಟು, ಬೂಸ್ಟರ್ ಸೇರಿದರೆ ಶೇ 83ರಷ್ಟು. ಲಸಿಕೆ ಹಾಕಿಸಿಕೊಂಡೂ ಕಾಯಿಲೆ ಬಿದ್ದವರನ್ನು ಕಂಡ ಊರಿನವರು ಹಿಂಜರಿದರು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಕಾಯಿಲೆ ಉಲ್ಬಣಿಸಿತು. ಕೊನೆಗೆ ಪರಿಣಾಮ ಸಾಲದೆಂದು 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಲಾಯಿತು. ನೂರರಲ್ಲಿ ಅರವತ್ತು ಮಂದಿಯನ್ನು ಕಾಪಾಡುತ್ತದೆ, ಉಳಿದವರು ಉಣುಗು ಕಚ್ಚದಂತೆ ಎಣ್ಣೆ ಹಚ್ಚಿಕೊಂಡೇ ಕಾಡಿಗೆ ಹೋಗಬೇಕು ಎಂದು ಮೊದಲೇ ನೇರವಾಗಿ ಹೇಳಿದ್ದರೆ, ಅದೇ ಅರವತ್ತನ್ನು ಜನ ಮೋಸವೆಂದು ಕಾಣುತ್ತಿರಲಿಲ್ಲ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರೆ ಜನ ಕೈಬಿಡುತ್ತಾರೆ ಎಂಬ ಅಂಜಿಕೆ ವೈದ್ಯರಿಗೂ ಅಧಿಕಾರಿಗಳಿಗೂ ಇದೆ. ಕೇಂಬ್ರಿಜ್‌ನ ಸಂಶೋಧಕರು ಇದನ್ನೇ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಒಂದು ಅಂಕಿಯನ್ನು ಖಚಿತವೆಂಬಂತೆ ಹೇಳುವುದಕ್ಕಿಂತ ಇಷ್ಟರಿಂದ ಇಷ್ಟರ ನಡುವೆ ಎಂದು ಹೇಳಿದಾಗ ಓದುಗರ ನಂಬಿಕೆ ಕುಗ್ಗಿದ್ದು ತೀರಾ ಅಲ್ಪ. ಹೆಚ್ಚು ಕುಗ್ಗಿದ್ದು, ಅಂಕಿಯ ಮಿತಿ ಹೇಳದೆ ಹೆಚ್ಚುಕಡಿಮೆ ಇರಬಹುದು ಎಂದು ಬಾಯಿಮಾತಿನಲ್ಲಿ ತೇಲಿಸಿದಾಗ.

ಹೃದಯದ ವಿಷಯದಲ್ಲಿ ಇದು ಇಂದಿಗೂ ಜೀವಂತ ಪ್ರಶ್ನೆ. 2020ರ ಜುಲೈನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಿಂದ ಒಂದು ವರದಿ ಬಂತು: ಕೋವಿಡ್‌ನಿಂದ ಚೇತರಿಸಿಕೊಂಡ 100 ಜನರಲ್ಲಿ 78 ಮಂದಿಯ ಹೃದಯದ ಸ್ಕ್ಯಾನ್‌ನಲ್ಲಿ ಬದಲಾವಣೆ ಕಂಡಿದೆ ಎಂದು. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳ ಆಟಗಳು ಆಗಸ್ಟ್‌ನಲ್ಲಿ ಮುಂದಕ್ಕೆ ಹೋದಾಗ ಈ ಭಯವೂ ಅದರ ಹಿಂದಿತ್ತು. ಆ ವರದಿಯ ಲೆಕ್ಕದಲ್ಲಿ ತಪ್ಪುಗಳು ಸಿಕ್ಕಿ ತಿದ್ದುಪಡಿಯಾಯಿತು. ಮರುವರ್ಷ 789 ವೃತ್ತಿಪರ ಆಟಗಾರರನ್ನು ಪರೀಕ್ಷಿಸಿದಾಗ ಹೃದಯದ ಉರಿಯೂತ ಕಂಡದ್ದು ಐವರಲ್ಲಿ. 2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳು ಸುದ್ದಿಯಾದಾಗ ಲಸಿಕೆಯೇ ಕಾರಣವಿರಬಹುದೇ ಎಂಬ ಮಾತು ಮುಖ್ಯಮಂತ್ರಿಯಿಂದಲೇ ಬಂತು. ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿಗೆ ಅಂಥ ಸಂಬಂಧ ಕಾಣಲಿಲ್ಲ. ಐಸಿಎಂಆರ್ 2023ರಲ್ಲೇ 18ರಿಂದ 45 ವರ್ಷದವರ 729 ಹಠಾತ್ ಸಾವುಗಳನ್ನು ಅಧ್ಯಯನ ಮಾಡಿತ್ತು. ಎರಡು ಡೋಸ್ ಲಸಿಕೆ ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು. ಅಪಾಯ ಹೆಚ್ಚಿಸಿದ ಸಂಗತಿಗಳೆಂದರೆ ಕೋವಿಡ್‌ಗಾಗಿ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವು, ಸಾವಿಗೆ ಮುಂಚಿನ 48 ಗಂಟೆಗಳಲ್ಲಿ ವಿಪರೀತ ಕುಡಿತ ಅಥವಾ ವಿಪರೀತ ದೇಹದಂಡನೆ.

ಈ ಕೊನೆಯ ಸಾಲನ್ನು ಓದಿ ಮಕ್ಕಳ ಓಟವನ್ನೇ ನಿಲ್ಲಿಸುವವರು ಇದ್ದಾರೆ. ಅದು ವಯಸ್ಕರ ಮೇಲಿನ ಅಧ್ಯಯನ. ಶಾಲೆಯಲ್ಲಿ ಪಾಲಿಸಬೇಕಾದದ್ದು ಕೆಲವೇ ಸರಳ ಸಂಗತಿ. ಜ್ವರ ಇರುವ ದಿನಗಳಲ್ಲಿ ಅಭ್ಯಾಸ ಬೇಡ. ಜ್ವರ ಬಿಟ್ಟ ಮೇಲೆ ಮೊದಲು ನಡಿಗೆ, ಆಮೇಲೆ ನಿಧಾನದ ಓಟ, ಮೈಗೆ ಒಗ್ಗಿದ ನಂತರ ಪಂದ್ಯ. ಓಡುವಾಗ ಎದೆ ನೋವು ಬಂದರೆ, ತಲೆಸುತ್ತಿ ಬಿದ್ದರೆ, ಎದೆ ಡವಡವ ಅನ್ನುವುದು ನಿಲ್ಲದೇ ಇದ್ದರೆ ಆಟ ಅಲ್ಲಿಗೇ ನಿಲ್ಲಬೇಕು, ಆ ಮಗುವಿಗೆ ಇಸಿಜಿ ಆಗಬೇಕು. ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹಠಾತ್ತಾಗಿ ತೀರಿಕೊಂಡವರು ಇದ್ದಾರೆಯೇ ಎಂದು ಕ್ರೀಡಾಕೂಟಕ್ಕೆ ಹೆಸರು ಬರೆದುಕೊಳ್ಳುವಾಗಲೇ ಕೇಳಬೇಕು. ಹದಿನೈದರ ವಯಸ್ಸಿಗೇ ಶಾಲೆಗಳಲ್ಲಿ ಹೃದಯ ತಪಾಸಣೆ ನಡೆಯಲಿ ಎಂದು ರವೀಂದ್ರನಾಥ್ ಸಮಿತಿ ಶಿಫಾರಸು ಮಾಡಿದೆ. ಸೋಗಾನೆಯಂಥ ಊರುಗಳ ಶಾಲೆಗೆ ಆ ತಪಾಸಣೆ ಬಂದ ದಿನ, ಯಂತ್ರದ ಜೊತೆ ಬಂದ ವೈದ್ಯರು ಫಲಿತಾಂಶದ ಚೀಟಿ ಕೊಟ್ಟು ಹೊರಡದೆ, ಪಿ.ಟಿ. ಮೇಷ್ಟ್ರನ್ನೂ ತಂದೆತಾಯಿಯರನ್ನೂ ಕೂರಿಸಿಕೊಂಡು ಆ ಗೆರೆಗಳು ಏನು ಹೇಳುತ್ತವೆ, ಏನು ಹೇಳಲಾರವು ಎರಡನ್ನೂ ವಿವರಿಸಬೇಕು. ಅದಕ್ಕೆ ಬೇಕಾದ ಸಮಯವನ್ನು ಸರ್ಕಾರ ತಪಾಸಣೆಯ ವೇಳಾಪಟ್ಟಿಯಲ್ಲೇ ಬರೆದಿಡಲಿ.