ಬೆಂಕಿ ಹಚ್ಚಿದರೆ ತಣ್ಣಗಾಗುವ ಪೆಟ್ಟಿಗೆ

ವರ್ಜೀನಿಯಾದಲ್ಲಿರುವ ಮಗಳ ಮನೆಗೆ ಹೋಗಿಬಂದ ಓದುಗರೊಬ್ಬರು ಕಾಗದ ಬರೆದಿದ್ದಾರೆ. ದಸರೆಯ ವಾರಾಂತ್ಯಕ್ಕೆ ನಾಲ್ಕು ಕನ್ನಡ ಸಂಸಾರಗಳು ಸೇರಿ, ಚಕ್ರದ ಮೇಲಿನ ಮನೆಯಂಥ ಆರ್‌ವಿ ಬಾಡಿಗೆಗೆ ಹಿಡಿದು, ಎಲೆಗಳ ಬಣ್ಣ ನೋಡಲು ಶೆನಂಡೋವಾ ಬೆಟ್ಟಗಳಿಗೆ ಹೋಗಿದ್ದರಂತೆ. ಅಲ್ಲಿನ ಕ್ಯಾಂಪ್‌ಗ್ರೌಂಡುಗಳಲ್ಲಿ ಗಾಡಿಗೆ ಕರೆಂಟ್ ಸಿಕ್ಕುವುದಿಲ್ಲ. ಆದರೂ ಫ್ರಿಜ್ಜಿನಲ್ಲಿಟ್ಟ ಹಾಲು, ದೋಸೆಹಿಟ್ಟು ಕೆಡಲಿಲ್ಲ. ಕುತೂಹಲಕ್ಕೆ ಗಾಡಿಯ ಹೊರಮೈಯಲ್ಲಿದ್ದ ಜಾಲರಿ ಬಿಚ್ಚಿ ಇಣುಕಿದರೆ ಫ್ರಿಜ್ಜಿನ ಬೆನ್ನಿಗೆ ಪುಟ್ಟದೊಂದು ನೀಲಿ ಜ್ವಾಲೆ ಉರಿಯುತ್ತಿತ್ತು! ‘ಸಿಲಿಂಡರಿನ ಗ್ಯಾಸೇ ಫ್ರಿಜ್ಜಿನೊಳಗೆ ಹರಿದು ತಂಪು ಮಾಡುತ್ತದೆ ಎನ್ನುತ್ತಾನೆ ಅಳಿಯ. ಹಾಗಾದರೆ ಬೆಂಕಿ ಯಾಕೆ?’ ಎಂಬುದು ಅವರ ಪ್ರಶ್ನೆ.

ಅಳಿಯಂದಿರು ಬೇಜಾರು ಮಾಡಿಕೊಳ್ಳಬಾರದು, ಅವರು ಹೇಳಿದ್ದು ತಪ್ಪು. ಸಿಲಿಂಡರಿನ ಪ್ರೊಪೇನ್ ಉರಿದು ಶಾಖ ಕೊಟ್ಟು ಚಿಮಣಿಯಿಂದ ಹೊರಟುಹೋಗುತ್ತದೆ. ತಂಪು ಮಾಡುವುದು ಅಮೋನಿಯಾ. ಅದು ಗಟ್ಟಿ ಉಕ್ಕಿನ ಕೊಳವೆಗಳಲ್ಲಿ, ಕಾರ್ಖಾನೆಯಲ್ಲೇ ಬೆಸುಗೆ ಹಾಕಿ ಮುಚ್ಚಿದ ಲೋಕದಲ್ಲಿ, ನೀರು ಮತ್ತು ಹೈಡ್ರೋಜನ್ ಜತೆ ಸುತ್ತುತ್ತಲೇ ಇರುತ್ತದೆ. ಮೋಟಾರಿಲ್ಲ, ಪಂಪಿಲ್ಲ, ಕವಾಟವಿಲ್ಲ. ಕಿಡಿ ಹೊತ್ತಿಸುವ ಸರ್ಕ್ಯೂಟಿಗೆ ಬ್ಯಾಟರಿಯಿಂದ ಒಂದಿಷ್ಟು ಕರೆಂಟ್ ಬೇಕು, ಅಷ್ಟೆ. ಕೆಲವು ಹೋಟೆಲ್ ಕೋಣೆಗಳ ಮಿನಿ ಫ್ರಿಜ್ಜು ರಾತ್ರಿಯಿಡೀ ಉಸಿರೆತ್ತದೆ ಕೂರುವುದಕ್ಕೂ ಇದೇ ಕಾರಣ. ಅಲ್ಲಿ ಜ್ವಾಲೆಯ ಜಾಗದಲ್ಲಿ ವಿದ್ಯುತ್ ಹೀಟರ್ ಇರುತ್ತದೆ.

ದ್ರವ ಆವಿಯಾಗುವಾಗ ಸುತ್ತಲಿನ ಶಾಖ ಎಳೆದುಕೊಳ್ಳುತ್ತದೆ ಎಂಬುದು ಹೈಸ್ಕೂಲ್ ಪಾಠ, ಅದನ್ನು ಮತ್ತೆ ಒಪ್ಪಿಸುವುದಿಲ್ಲ. ನನಗೆ ರೋಮಾಂಚನವಾಗುವುದು ಹೈಡ್ರೋಜನ್ ಮಾಡುವ ಮಸಲತ್ತು ಕಂಡಾಗ. ಮನೆಯ ಫ್ರಿಜ್ಜಿನಲ್ಲಿ ಕಂಪ್ರೆಸರ್ ಒಂದು ಕಡೆ ಒತ್ತಡ ಹೆಚ್ಚಿಸಿ, ಇನ್ನೊಂದು ಕಡೆ ಇಳಿಸುತ್ತದೆ. ಒತ್ತಡ ಇಳಿದಲ್ಲಿ ದ್ರವ ಆವಿಯಾಗಿ ತಂಪು. ಆದರೆ ಈ ಪೆಟ್ಟಿಗೆಯ ಕೊಳವೆಗಳಲ್ಲಿ ಎಲ್ಲಿ ಅಳೆದರೂ ಒತ್ತಡ ಹೆಚ್ಚುಕಡಿಮೆ ಒಂದೇ, ಹೊರಗಿನ ಗಾಳಿಯ ಇಪ್ಪತ್ತು ಪಟ್ಟಿಗೂ ಮಿಗಿಲು. ಅಷ್ಟು ಒತ್ತಡದಲ್ಲಿ ಅಮೋನಿಯಾ ಬೆಟ್ಟದ ತಂಗಾಳಿ ತಾಗಿದರೆ ಸಾಕು, ದ್ರವವಾಗುತ್ತದೆ. ದ್ರವವಾಗುವುದೇನೋ ಸರಿ, ಅದೇ ಒತ್ತಡದಲ್ಲಿ ಮತ್ತೆ ಆವಿಯಾಗುವುದು ಹೇಗೆ?

ಇಲ್ಲಿ ಹೈಡ್ರೋಜನ್ ಬರುತ್ತದೆ. ಫ್ರಿಜ್ಜಿನ ತಂಪು ಕೊಳವೆಯ ತುಂಬ ಅದೇ ಕೂತಿರುತ್ತದೆ. ಒಟ್ಟು ಒತ್ತಡದ ಬಹುಪಾಲು ಭಾರ ಹೊರುವುದು ಅದು. ತೊಟ್ಟಿಕ್ಕಿ ಒಳಬಂದ ಅಮೋನಿಯಾ ದ್ರವಕ್ಕೆ ಲೆಕ್ಕಕ್ಕೆ ಬರುವುದು ಅಮೋನಿಯಾ ಆವಿಯ ಒತ್ತಡ ಮಾತ್ರ. ಹೈಡ್ರೋಜನ್ ಎಷ್ಟಿದ್ದರೇನು, ಅದರ ಗೊಡವೆ ಇದಕ್ಕಿಲ್ಲ. ತನ್ನ ಜಾತಿಯ ಅಣುಗಳು ಹತ್ತಿರದಲ್ಲಿ ಹೆಚ್ಚಿಲ್ಲದ ಕಾರಣ ಅದು ಸೊನ್ನೆಗಿಂತ ಕೆಳಗಿನ ಉಷ್ಣತೆಯಲ್ಲೂ ಧಾರಾಳವಾಗಿ ಆವಿಯಾಗುತ್ತದೆ. ಡಾಲ್ಟನ್ ನಿಯಮ ಎಂದು ಪರೀಕ್ಷೆಗೆ ಉರುಹೊಡೆದು ಮರೆತೆವಲ್ಲ, ಅದೇ ಇಲ್ಲಿ ಹಾಲು ಕೆಡದಂತೆ ಕಾಯುತ್ತಿದೆ. ಆಮೇಲೆ ಹೈಡ್ರೋಜನ್-ಅಮೋನಿಯಾ ಮಿಶ್ರಣ ಭಾರವಾಗಿ ಕೆಳಗಿಳಿಯುತ್ತದೆ. ಕೆಳಗೆ ಕಾದು ಕೂತಿರುವ ತಣ್ಣನೆಯ ನೀರು ಅಮೋನಿಯಾವನ್ನು ಗಟಗಟನೆ ಕುಡಿಯುತ್ತದೆ. ಹೈಡ್ರೋಜನ್ ನೀರಿಗೆ ಸೇರುವ ಪೈಕಿಯಲ್ಲ, ಹಗುರಾಗಿ ಮೇಲೇರಿ ತನ್ನ ಜಾಗಕ್ಕೆ ಮರಳುತ್ತದೆ.

ಜ್ವಾಲೆಯ ಕೆಲಸ ಶುರುವಾಗುವುದು ಈಗ. ಅದು ಅಮೋನಿಯಾ ಕುಡಿದ ನೀರನ್ನು ಕಾಯಿಸಿ, ಅಮೋನಿಯಾವನ್ನು ಬಿಡಿಸುತ್ತದೆ. ಸಪೂರ ನಳಿಗೆಯೊಳಗೆ ಎದ್ದ ಗುಳ್ಳೆಗಳು ತಮ್ಮ ನಡುವೆ ಸಿಕ್ಕಿಕೊಂಡ ನೀರಿನ ತುಣುಕುಗಳನ್ನೂ ಮೇಲಕ್ಕೆ ತಳ್ಳುತ್ತವೆ, ಎಳನೀರು ಮುಗಿಯುತ್ತಿರುವಾಗ ಸ್ಟ್ರಾದಲ್ಲಿ ಗಾಳಿ ಹನಿ ಒಟ್ಟೊಟ್ಟಿಗೆ ಏರುವ ಹಾಗೆ. ಪಂಪಿಲ್ಲದ ಯಂತ್ರದ ಪಂಪು ಅದೇ.

ಇದನ್ನು 1922ರಲ್ಲಿ ಕಟ್ಟಿದವರು ಸ್ಟಾಕ್‌ಹೋಮಿನ ತಾಂತ್ರಿಕ ವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್. 1925ರಲ್ಲಿ ಎಲೆಕ್ಟ್ರೋಲಕ್ಸ್ ಅದನ್ನು ಕೈಗೆತ್ತಿಕೊಂಡಿತು. ವಿದ್ಯುತ್ತಿಲ್ಲದ ಊರುಗಳಲ್ಲಿ ಸೀಮೆಎಣ್ಣೆ ದೀಪ ಹಚ್ಚಿ ಲಸಿಕೆ ಕಾಪಾಡಿದ್ದು ಇದೇ ತತ್ವದ ಫ್ರಿಜ್ಜುಗಳು. ‘ಇದು ಐನ್‌ಸ್ಟೈನ್ ಕಂಡುಹಿಡಿದದ್ದು’ ಎನ್ನುವ ವಾಟ್ಸಾಪ್ ಸಂದೇಶ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಐನ್‌ಸ್ಟೈನ್ ಮತ್ತು ಲಿಯೋ ಸಿಲಾರ್ಡ್ ಸೇರಿ ಫ್ರಿಜ್ಜೊಂದಕ್ಕೆ 1930ರಲ್ಲಿ ಅಮೆರಿಕದ ಪೇಟೆಂಟ್ ಪಡೆದದ್ದು ನಿಜ. ಆದರೆ ಅದರಲ್ಲಿ ತಂಪು ಮಾಡುವುದು ಬ್ಯೂಟೇನ್, ಅದು ಮಾರುಕಟ್ಟೆಗೆ ಬರಲೇ ಇಲ್ಲ. ದೊಡ್ಡವರ ಹೆಸರಿಗೆ ಎಲ್ಲವನ್ನೂ ಬರೆದುಕೊಡುವ ಚಾಳಿ ನಮಗೆ ಯಾವಾಗ ಹೋಗುತ್ತದೋ.

ಎಲ್ಲವೂ ಗುರುತ್ವದ ಮೇಲೆ ಹರಿಯುವುದರಿಂದ ಈ ಫ್ರಿಜ್ಜಿಗೆ ಒಂದು ಹಟವಿದೆ: ಗಾಡಿ ಮಟ್ಟವಾಗಿ ನಿಂತಿರಬೇಕು. ಅಕ್ಕಪಕ್ಕಕ್ಕೆ 3 ಡಿಗ್ರಿ, ಹಿಂದುಮುಂದಕ್ಕೆ 6 ಡಿಗ್ರಿ ವಾಲಿದರೆ ಪರವಾಗಿಲ್ಲ ಎಂಬುದು ಸಾಮಾನ್ಯವಾಗಿ ಹೇಳುವ ಮಿತಿ. ಹೆಚ್ಚು ವಾಲಿದರೆ ದ್ರವ ಎಲ್ಲೋ ತಗ್ಗಿನಲ್ಲಿ ನಿಂತುಬಿಡುತ್ತದೆ, ಕೆಳಗೆ ಜ್ವಾಲೆ ಉರಿಯುತ್ತಲೇ ಇರುತ್ತದೆ, ಬಾಯ್ಲರ್ ಒಣಗಿ ಕಾಯುತ್ತದೆ. ತುಕ್ಕು ಹಿಡಿಯದಿರಲೆಂದು ನೀರಿಗೆ ಬೆರೆಸಿದ ಸೋಡಿಯಂ ಕ್ರೋಮೇಟ್ ಹರಳುಗಟ್ಟಿ ನಳಿಗೆ ಕಟ್ಟಿಕೊಂಡರೆ ಫ್ರಿಜ್ಜಿನ ಕಥೆ ಮುಗಿಯಿತು. ಗಾಡಿ ಓಡುವಾಗ ಚಿಂತೆಯಿಲ್ಲ. ಕುಲುಕಾಟದಲ್ಲಿ ದ್ರವ ಒಂದೆಡೆ ನಿಲ್ಲುವುದಿಲ್ಲ. ಪೆಟ್ರೋಲ್ ಬಂಕಿಗೆ ಹೋಗುವ ಮೊದಲು ಮಾತ್ರ ಜ್ವಾಲೆ ಆರಿಸಲೇಬೇಕು.

ಈಗ ಒಂದು ಜಗಳ. ಒಂದು ಅಕ್ಟೋಬರಿನಲ್ಲಿ ನೆಂಟರೊಡನೆ ನಾನೂ ಇದೇ ಶೆನಂಡೋವಾ ಬೆಟ್ಟದ ಬಿಗ್ ಮೆಡೋಸ್‌ನಲ್ಲಿ ತಂಗಿದ್ದೆ. ಸುಮಾರು 3,500 ಅಡಿ ಎತ್ತರ, ಮೇಪಲ್ಲು ಹಿಕರಿಗಳೆಲ್ಲ ಕೆಂಪು ಹಳದಿ. ಮನೆಯಿಂದ ಹೊರಡುವಾಗ ಆಯುಧಪೂಜೆಯ ನೆಪದಲ್ಲಿ ಐದಾರು ಟನ್ನಿನ ಗಾಡಿಯ ಪ್ರತಿ ಚಕ್ರದಡಿಗೂ ನಿಂಬೆಹಣ್ಣಿಟ್ಟು ಹಾಯಿಸಿದರು. ಹಬ್ಬದ ಸಡಗರಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಬೆಟ್ಟ ಸೇರಿದ ಮೇಲೆ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ, ಚಕ್ರದಡಿ ಒಂದು ಹಲಗೆ ಇಡೋಣ ಎಂದರೆ ಯಾರೂ ಕಿವಿಗೊಡಲಿಲ್ಲ. ರಾತ್ರಿ ಫ್ರಿಜ್ಜಿನ ಬೆನ್ನಿನ ಮೇಲ್ಭಾಗದ ರೆಕ್ಕೆಗಳನ್ನು ಮುಟ್ಟಿ ನೋಡಿದೆ. ಬಿಸಿಯಾಗಿರಬೇಕಾದವು ಉಗುರುಬೆಚ್ಚಗೂ ಇರಲಿಲ್ಲ. ಚಲನೆ ನಿಂತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ‘ದೃಷ್ಟಿಯಾಯಿತು’ ಎಂದರು ಒಬ್ಬರು. ದೃಷ್ಟಿಯೂ ಇಲ್ಲ, ಮಣ್ಣೂ ಇಲ್ಲ! ಜ್ವಾಲೆ ಆರಿಸಿ, ತಣಿಯಲು ಬಿಟ್ಟು, ಬೆಳಿಗ್ಗೆ ಎರಡು ಹಲಗೆಯ ಮೇಲೆ ಗಾಡಿ ಹತ್ತಿಸಿ ಹಚ್ಚಿದೆವು. ಮಧ್ಯಾಹ್ನಕ್ಕೆ ಮಜ್ಜಿಗೆ ತಣ್ಣಗಿತ್ತು.

ಹೊಸ ಆರ್‌ವಿಗಳಲ್ಲಿ ಬ್ಯಾಟರಿಯಿಂದ ಓಡುವ ಕಂಪ್ರೆಸರ್ ಫ್ರಿಜ್ಜುಗಳು ಬರುತ್ತಿವೆ. ಬೇಗ ತಂಪಾಗುತ್ತವೆ, ಓರೆ ನಿಂತರೂ ತಕರಾರಿಲ್ಲ, ಅದೇ ಶಕ್ತಿಯಲ್ಲಿ ಹಲವು ಪಟ್ಟು ಹೆಚ್ಚು ಶಾಖ ಹೊರಹಾಕುತ್ತವೆ. ದಕ್ಷತೆಯಲ್ಲಿ ನಮ್ಮ ಜ್ವಾಲೆಯ ಫ್ರಿಜ್ಜು ಸೋತಂತೆಯೇ. ಆದರೆ 9 ಕಿಲೋ ಪ್ರೊಪೇನಿನಲ್ಲಿ ಅಡಗಿರುವ ಶಕ್ತಿ 100 ಆಂಪಿಯರ್-ಅವರ್‌ನ 12 ವೋಲ್ಟ್ ಬ್ಯಾಟರಿಯದಕ್ಕಿಂತ ನೂರು ಪಟ್ಟಿನಷ್ಟು. ಒಂದು ಸಿಲಿಂಡರಿದ್ದರೆ ಫ್ರಿಜ್ಜು ವಾರವಿಡೀ ಉರಿಯುತ್ತದೆ. ಮೋಡ ಕವಿದ ಶರತ್ಕಾಲದ ಬೆಟ್ಟದಲ್ಲಿ ಸೋಲಾರ್ ಫಲಕ ನಂಬಿ ಕೂರುವುದಕ್ಕಿಂತ ಇದೇ ವಾಸಿ ಎಂಬುದು ನನ್ನ ಮತ. ಒಂದೇ ಷರತ್ತು: ಹೊರಡುವ ಹಿಂದಿನ ರಾತ್ರಿಯೇ ಹಚ್ಚಿಡಿ. ತಂಪಾಗಲು ಅದಕ್ಕೆ ತಾಸುಗಟ್ಟಲೆ ಬೇಕು, ಹೊರಡುವ ಗಡಿಬಿಡಿಯಲ್ಲಿ ಬಿಸಿ ಸಾರಿನ ಪಾತ್ರೆ ತುರುಕಿದರೆ ಮರುದಿನದವರೆಗೂ ಚೇತರಿಸಿಕೊಳ್ಳುವುದಿಲ್ಲ.